ಸರ್ವರ್‌ನ ರ‍್ಯಾಮ್ ಬದಲಿಸಿದ ಕಥೆ: ರಾಯಚೂರಿನ ಏಪ್ರಿಲ್‌ನಲ್ಲಿ 24 ಮಾಡ್ಯೂಲ್‌ನಿಂದ 12ಕ್ಕೆ

ಏಪ್ರಿಲ್ ಎರಡನೇ ವಾರ, ಮಧ್ಯಾಹ್ನ ಎರಡೂವರೆ. ಸರ್ವರ್ ಇದ್ದ ಕೋಣೆಯ ಗೋಡೆ ಮೇಲಿನ ಥರ್ಮಾಮೀಟರ್ 38 ಡಿಗ್ರಿ ತೋರಿಸುತ್ತಿತ್ತು. ಹೊರಗೆ 41. ಫ್ಯಾನ್‌ಗಳ ಸದ್ದು ಮೆಟ್ಟಿಲ ಹತ್ತಿರಕ್ಕೇ ಕೇಳಿಸುತ್ತಿತ್ತು. ಒಳಗೆ ಹೋಗಿ ಲಾಗ್ ತೆಗೆದೆ. ಬೆಳಿಗ್ಗೆಯಿಂದ 60ಕ್ಕೂ ಜಾಸ್ತಿ ಮೆಮೊರಿ ಎರರ್. ಎಲ್ಲವೂ ಇಸಿಸಿ (ಮೆಮೊರಿಯ ತಪ್ಪು ಬಿಟ್‌ಗಳನ್ನು ತಾನೇ ತಿದ್ದುವ ವ್ಯವಸ್ಥೆ) ಸರಿಪಡಿಸಿಕೊಂಡಿದ್ದೇ, ಹಾಗಾಗಿ ಕೆಲಸ ನಿಂತಿರಲಿಲ್ಲ. ಆದರೆ ಅವುಗಳ ನಡುವೆ ಇನ್ನೊಂದು ಸಾಲು ಮತ್ತೆ ಮತ್ತೆ ಬರುತ್ತಿತ್ತು: ಮೆಮೊರಿ ಬಿಸಿ ಮಿತಿ ಮುಟ್ಟಿದೆ, ವೇಗ ತಗ್ಗಿಸಲಾಗಿದೆ.

ಮೊದಲು ಯಂತ್ರದ ಪರಿಚಯ. ಎರಡು ಯು (ಸರ್ವರ್ ರ‍್ಯಾಕ್‌ನ ಅಳತೆ) ಎತ್ತರದ ಹಳೆಯ ಸರ್ವರ್, ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಒಳಗೆ ಇಂಟೆಲ್‌ನ ಎರಡು ಕ್ಸಿಯಾನ್ ಸಿಲ್ವರ್ 4210 ಸಿಪಿಯು. ತಲಾ 10 ಕೋರ್, 85 ವ್ಯಾಟ್. ಒಂದೊಂದು ಸಿಪಿಯುಗೆ ಆರು ಮೆಮೊರಿ ಚಾನೆಲ್ (ಸಿಪಿಯುವಿನಿಂದ ರ‍್ಯಾಮ್‌ಗೆ ಹೋಗುವ ದಾರಿ), ಪ್ರತಿ ಚಾನೆಲ್‌ಗೆ ಎರಡು ಸ್ಲಾಟ್. ಒಟ್ಟು 24 ಸ್ಲಾಟ್. ನಾನು ಇದನ್ನು ಒಂದು ಸಣ್ಣ ಗ್ರಂಥಾಲಯಕ್ಕಾಗಿ ನೋಡಿಕೊಳ್ಳುತ್ತೇನೆ. ಹಳೆಯ ಕನ್ನಡ ಪತ್ರಿಕೆ, ಪುಸ್ತಕಗಳ ಪುಟ ಸ್ಕ್ಯಾನ್ ಮಾಡಿ, ಅಕ್ಷರ ಗುರುತಿಸಿ, ಹುಡುಕಲು ಬರುವಂತೆ ಮಾಡುವುದು ಇದರ ಕೆಲಸ.

ಇಷ್ಟಕ್ಕೆ ಅಷ್ಟೊಂದು ಮೆಮೊರಿ ಯಾಕೆ ಅಂತ ಕೇಳುವವರಿಗೆ ಒಂದು ಲೆಕ್ಕ. ಎ4 ಪುಟವನ್ನು 600 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 4960 × 7016 ಪಿಕ್ಸೆಲ್. ಬಿಚ್ಚಿಟ್ಟರೆ 100 ಎಂಬಿ ದಾಟುತ್ತದೆ. ಪುಟ ನೇರ ಮಾಡಲು, ಕಲೆ ತೆಗೆಯಲು, ಕಪ್ಪು ಬಿಳುಪು ಮಾಡಲು ಅದರದ್ದೇ ನಾಲ್ಕೈದು ಪ್ರತಿ ಬೇಕು. 40 ಥ್ರೆಡ್ (ಒಂದು ಕೋರ್‌ಗೆ ಎರಡು ಕೆಲಸದಂತೆ) ಒಟ್ಟಿಗೆ ಓಡಿದರೆ ಇದೇ 20 ಜಿಬಿ. ಅದರ ಮೇಲೆ ಒಂದಿಡೀ ವರ್ಷದ ಸಂಚಿಕೆಗಳನ್ನು ಮೆಮೊರಿಯಲ್ಲೇ ಇಟ್ಟು ಕೆಲಸ ಮಾಡುತ್ತೇವೆ, ಡಿಸ್ಕ್ ಮುಟ್ಟುವುದಿಲ್ಲ. ಹುಡುಕಾಟದ ಇಂಡೆಕ್ಸ್ ಬೇರೆ. 192 ಜಿಬಿ ಸಾಲದೆ ಜನವರಿಯಲ್ಲಿ 384ಕ್ಕೆ ಏರಿಸಿದ್ದೆ.

ಏರಿಸಿದ ರೀತಿಯಲ್ಲೇ ತಪ್ಪಿತ್ತು. ಆಗ 12 ಸ್ಲಾಟ್‌ನಲ್ಲಿ 16 ಜಿಬಿಯ 12 ಮಾಡ್ಯೂಲ್ (ಸ್ಲಾಟ್‌ಗೆ ಕೂರಿಸುವ ರ‍್ಯಾಮ್ ಪಟ್ಟಿ) ಇದ್ದವು. ಅದೇ ನಮೂನೆಯ ಇನ್ನೂ 12 ಅಗ್ಗಕ್ಕೆ ಸಿಕ್ಕವು. ಖಾಲಿ ಸ್ಲಾಟ್‌ಗಳಿಗೆ ತುಂಬಿದೆ. ಜನವರಿಯ ಚಳಿಯಲ್ಲಿ ಎಲ್ಲ ಚೆನ್ನಾಗಿಯೇ ಓಡಿತು. ರಾಯಚೂರಿನ ಏಪ್ರಿಲ್‌ನ ನೆನಪು ಆಗ ನನಗಿರಲಿಲ್ಲ.

ಮುಚ್ಚಳ ತೆಗೆದಾಗ

ಮೊದಲು ಒಂದು ಪರೀಕ್ಷೆ ಗೊತ್ತು ಮಾಡಿಕೊಂಡೆ, ಯಾಕೆಂದರೆ ಪ್ರತಿ ಸಲ ಒಂದೇ ಅಳತೆಗೋಲು ಬೇಕು. ಮಧ್ಯಾಹ್ನ ಮೂರಕ್ಕೆ, ಮೆಮೊರಿಗೆ ಪೂರ್ತಿ ಕೆಲಸ ಕೊಡುವ ಸ್ಟ್ರೆಸ್‌ಆಪ್‌ಟೆಸ್ಟ್ ಅರ್ಧ ಗಂಟೆ ಓಡಿಸುವುದು. ಐಪಿಎಂಐಟೂಲ್‌ನಿಂದ ಒಳಬರುವ ಗಾಳಿಯ ಬಿಸಿ, ಪ್ರತಿ ಮಾಡ್ಯೂಲ್‌ನ ಬಿಸಿ, ಫ್ಯಾನ್ ವೇಗ ಬರೆದಿಡುವುದು. ಮೆಮೊರಿ ಎಷ್ಟು ವ್ಯಾಟ್ ತಿನ್ನುತ್ತಿದೆ ಅಂತ ಟರ್ಬೋಸ್ಟಾಟ್ ಹೇಳುತ್ತದೆ. ಅದನ್ನೂ ಬರೆಯುವುದು. ಮೊದಲ ದಿನದ ಸಾಲು ಹೀಗಿತ್ತು: ಒಳಗಾಳಿ 40, ಅತಿ ಬಿಸಿಯ ಮಾಡ್ಯೂಲ್ 87, ಫ್ಯಾನ್ 95 ಶೇಕಡಾ, ಮೆಮೊರಿ 74 ವ್ಯಾಟ್.

87 ಯಾಕೆ ಕೆಟ್ಟದ್ದು ಅಂದರೆ, ಡಿಡಿಆರ್4ಗೆ (ನಮ್ಮ ರ‍್ಯಾಮ್‌ನ ಬಗೆ) 85 ಡಿಗ್ರಿ ಒಂದು ಗೆರೆ. ಡಿರ‍್ಯಾಮ್ (ರ‍್ಯಾಮ್ ಚಿಪ್) ಒಳಗಿನ ಒಂದೊಂದು ಬಿಟ್ ಅಂದರೆ ಪುಟ್ಟ ಕೆಪಾಸಿಟರ್‌ನಲ್ಲಿ ತುಂಬಿಟ್ಟ ಚಾರ್ಜ್. ಅದು ಸೋರುತ್ತಲೇ ಇರುತ್ತದೆ. ಬಿಸಿ ಏರಿದಷ್ಟೂ ಬೇಗ ಸೋರುತ್ತದೆ. ಅದಕ್ಕೇ ಮತ್ತೆ ಮತ್ತೆ ತುಂಬಬೇಕು, ಅಂದರೆ ರಿಫ್ರೆಶ್. 85ರ ಕೆಳಗೆ 7.8 ಮೈಕ್ರೋಸೆಕೆಂಡಿಗೊಂದು ರಿಫ್ರೆಶ್ ಸಾಕು. 85 ದಾಟಿದರೆ 3.9ಕ್ಕೊಂದು, ಅಂದರೆ ಎರಡು ಪಟ್ಟು. 8 ಗಿಗಾಬಿಟ್ ಚಿಪ್‌ನಲ್ಲಿ ಒಂದು ರಿಫ್ರೆಶ್‌ಗೆ 350 ನ್ಯಾನೋಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತು ಆ ಚಿಪ್ ಓದು ಬರಹಕ್ಕೆ ಸಿಗುವುದಿಲ್ಲ. ಮಾಮೂಲಾಗಿ ಶೇಕಡಾ ನಾಲ್ಕೂವರೆಯಷ್ಟು ಸಮಯ ಇದಕ್ಕೆ ಹೋದರೆ, ಬಿಸಿಯಲ್ಲಿ ಒಂಬತ್ತು ಹೋಗುತ್ತದೆ. ರಿಫ್ರೆಶ್ ಕೂಡ ಕರೆಂಟ್ ತಿನ್ನುತ್ತದೆ, ಅದರಿಂದ ಇನ್ನಷ್ಟು ಬಿಸಿ. ಅದರ ಮೇಲೆ ಮೆಮೊರಿ ನಡೆಸುವ ಕಂಟ್ರೋಲರ್ ತಾನೇ ವೇಗ ತಗ್ಗಿಸುತ್ತದೆ. ನಮ್ಮ ರಾತ್ರಿಯ ಕೆಲಸ ಹಗಲಿಗೂ ಮುಗಿಯದೆ ಉಳಿಯುತ್ತಿದ್ದದ್ದು ಇದಕ್ಕೇ.

ಪವರ್ ತೆಗೆದು, ಕೈಗೆ ಆ್ಯಂಟಿಸ್ಟಾಟಿಕ್ ಪಟ್ಟಿ ಕಟ್ಟಿಕೊಂಡು ಮುಚ್ಚಳ ಸರಿಸಿದೆ. ಒಳಗಿದ್ದದ್ದು ಬರೀ ಧೂಳಲ್ಲ, ಹತ್ತಿ.

ನಮ್ಮ ಬೀದಿಯ ಆಚೆಗೇ ಜಿನ್ನಿಂಗ್ (ಹತ್ತಿಯಿಂದ ಬೀಜ ಬಿಡಿಸುವ) ಫ್ಯಾಕ್ಟರಿ. ಹತ್ತಿಯ ಸೀಜನ್‌ನಲ್ಲಿ ಎಳೆಗಳು ಗಾಳಿಯಲ್ಲಿ ತೇಲುತ್ತಲೇ ಇರುತ್ತವೆ. ಕಿಟಕಿ ಜಾಲರಿ ಬೆಳ್ಳಗಾಗಿರುತ್ತದೆ. ಅದೇ ಎಳೆ ಫ್ಯಾನ್ ಹಿಂದೆ ಸಾಗಿ ಬಂದು ರ‍್ಯಾಮ್ ಮಾಡ್ಯೂಲ್‌ಗಳ ಮುಂದಿನ ಅಂಚಿಗೆ ಸಿಕ್ಕಿಕೊಂಡಿತ್ತು. ಚಿಮುಟದಿಂದ ಹಿಡಿದು ಎಳೆದರೆ ಬೂದು ಬಣ್ಣದ ಪಟ್ಟಿ ಹಾಗೇ ಎದ್ದು ಬಂತು, ಹಳೆಯ ಕಂಬಳಿಯ ಅಂಚಿನ ಹಾಗೆ. ಎರಡು ಸಿಪಿಯು ನಡುವಿನ 12 ಸ್ಲಾಟ್‌ಗಳಲ್ಲಿ ಇದು ಹೆಚ್ಚು. ಅಲ್ಲಿ ಮಾಡ್ಯೂಲ್‌ಗಳು ಒತ್ತೊತ್ತಾಗಿ ನಿಂತಿವೆ. ಸ್ಕೇಲ್ ಇಟ್ಟು ನೋಡಿದೆ. ಒಂದರ ಚಿಪ್‌ಗೂ ಪಕ್ಕದ್ದರ ಚಿಪ್‌ಗೂ ನಡುವೆ 4 ಮಿಲಿಮೀಟರ್ ಕೂಡ ಇಲ್ಲ. ಗಾಳಿ ಹೋಗಬೇಕಾದ ದಾರಿ ಅಷ್ಟೇ.

ಇನ್ನೊಂದು ಕೊರತೆಯೂ ಕಂಡಿತು. ಏರ್ ಶ್ರೌಡ್ ಇರಲೇ ಇಲ್ಲ. ಫ್ಯಾನ್ ಗಾಳಿ ಅತ್ತಿತ್ತ ಚದುರದೆ ಸಿಪಿಯು ಮತ್ತು ರ‍್ಯಾಮ್ ಮೂಲಕವೇ ಹೋಗುವ ಹಾಗೆ ಮೇಲಿನಿಂದ ಮುಚ್ಚುವ ಪ್ಲಾಸ್ಟಿಕ್ ಹೊದಿಕೆ ಅದು. ಮಾರಿದವರು ಕೊಟ್ಟಿರಲಿಲ್ಲ, ನಾನೂ ಕೇಳಿರಲಿಲ್ಲ. ಹಳೆಯ ಸರ್ವರ್ ಕೊಳ್ಳುವವರು ಮೊದಲು ಕೇಳಬೇಕಾದದ್ದು ಇದನ್ನೇ. ಸಿಪಿಯು ಮಾದರಿ ಆಮೇಲೆ ಕೇಳಬಹುದು.

ಹತ್ತಿ ತೆಗೆದು, ಬ್ಲೋವರ್ ಹಿಡಿದೆ. ಬ್ಲೋವರ್ ಹಿಡಿಯುವಾಗ ಫ್ಯಾನ್ ರೆಕ್ಕೆ ತಿರುಗದಂತೆ ಬೆರಳಿಟ್ಟು ಹಿಡಿಯಿರಿ. ಇಲ್ಲದಿದ್ದರೆ ಬೇರಿಂಗ್ ಹಾಳಾಗುತ್ತದೆ. ಮಾಡ್ಯೂಲ್‌ಗಳ ಚಿನ್ನದ ಬಣ್ಣದ ಕಾಲುಗಳನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿದೆ. ಪೆನ್ಸಿಲ್ ರಬ್ಬರ್‌ನಲ್ಲಿ ಉಜ್ಜುವ ರೂಢಿ ನಮ್ಮ ಕಡೆ ಇದೆ. ಅದರಿಂದ ಚಿನ್ನದ ಲೇಪ ಸವೆಯುತ್ತದೆ, ಬೇಡ.

ಅದೇ ಪರೀಕ್ಷೆ ಮಾರನೇ ದಿನ: 87 ಇದ್ದದ್ದು 82.

ಎರರ್ ಯಾರದ್ದು?

ಬಿಸಿ ತಗ್ಗಿತು, ಆದರೆ ಎರರ್ ಬರುತ್ತಲೇ ಇತ್ತು. ಕಡಿಮೆಯಾಗಿದ್ದರೂ ನಿಂತಿರಲಿಲ್ಲ. ಇಲ್ಲಿ ಸ್ವಲ್ಪ ನಿಂತು ಯೋಚಿಸಿದೆ. ಬಿಸಿಯಾದರೆ ಎರರ್ ಅಂತ ಎಲ್ಲರೂ ಸಲೀಸಾಗಿ ಹೇಳುತ್ತೇವೆ. ಆದರೆ ಗೂಗಲ್‌ನ ಸರ್ವರ್‌ಗಳ ಮೇಲೆ ಎರಡೂವರೆ ವರ್ಷ ನಡೆಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡದ್ದು ಬೇರೆ. ಒಂದು ವರ್ಷದಲ್ಲಿ ಸುಮಾರು ಶೇಕಡಾ 8ರಷ್ಟು ಮಾಡ್ಯೂಲ್‌ಗಳಲ್ಲಿ ಸರಿಪಡಿಸಬಹುದಾದ ಎರರ್ ಬಂದಿತ್ತು. ಅದರ ಮೇಲೆ ತಾಪಮಾನದ ಪ್ರಭಾವ ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ ಇತ್ತು. ಹಾಗಾದರೆ ನಮ್ಮ ಎರರ್‌ಗೆ ಬಿಸಿಯೊಂದೇ ಕಾರಣ ಇರಲಾರದು, ಅಲ್ವಾ?

ಮೆಮೊರಿ ಎರರ್ ಬರೆದಿಡುವ ರಾಸ್‌ಡೀಮನ್ ಲಾಗ್‌ನಲ್ಲಿ ಚಾನೆಲ್, ಸ್ಲಾಟ್ ಎಲ್ಲಾ ಇರುತ್ತದೆ. ನೋಡಿದರೆ ಎಲ್ಲ ಎರರ್ ಒಂದೇ ಸ್ಲಾಟ್‌ನದ್ದು. ಆ ಮಾಡ್ಯೂಲ್ ತೆಗೆದು ಅಂಚಿನ, ತಂಪಾದ ಸ್ಲಾಟ್‌ಗೆ ಹಾಕಿದೆ. ಅಲ್ಲಿದ್ದದ್ದನ್ನು ಇಲ್ಲಿಗೆ ತಂದೆ. ಎರರ್ ಮಾಡ್ಯೂಲ್ ಜೊತೆಗೇ ಹೋಯಿತು. ಹೊಸ ಜಾಗದಲ್ಲಿ ಸಂಖ್ಯೆ ಕಡಿಮೆ, ಆದರೆ ಬರುವುದು ಬಂತು. ಅಂದರೆ ಆ ಮಾಡ್ಯೂಲ್‌ನಲ್ಲೇ ಎಲ್ಲೋ ಒಂದಿಷ್ಟು ದುರ್ಬಲ ಸೆಲ್‌ಗಳಿವೆ. ಬಿಸಿ ಅವುಗಳನ್ನು ಹೊರಗೆ ತಂದಿತು ಅಷ್ಟೇ. ಅದನ್ನೂ ಅದರ ಜೊತೆ ಇನ್ನೊಂದು ಸಿಪಿಯು ಕಡೆಯ ಜೋಡಿಯನ್ನೂ ತೆಗೆದಿಟ್ಟೆ. ಎರರ್ ನಿಂತಿತು.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣವಿದೆ. ಎರಡು ಬೇರೆ ತೊಂದರೆಗಳು ಒಟ್ಟಿಗೆ ಬಂದಿದ್ದವು. ಕೆಟ್ಟ ಮಾಡ್ಯೂಲ್ ಒಂದು, ಬಿಸಿ ಒಂದು. ಕೂಲಿಂಗ್ ಮಾತ್ರ ಸರಿಮಾಡಿದ್ದರೆ ಎರರ್ ಕಡಿಮೆಯಾಗಿ, ಗುಣವಾಯಿತು ಅಂತ ನಂಬಿಬಿಡುತ್ತಿದ್ದೆ. ಮುಂದಿನ ಬೇಸಿಗೆಗೆ ಆ ಮಾಡ್ಯೂಲ್ ಮತ್ತೆ ಕೈ ಕೊಡುತ್ತಿತ್ತು.

ಅಲ್ಯೂಮಿನಿಯಂ ಹಾಕಿ ಕೆಟ್ಟದ್ದು

ಇನ್ನು ಬಿಸಿಯ ಕಡೆ. ಏರ್ ಶ್ರೌಡ್ ನಾನೇ ಮಾಡಿದೆ. ಬೋರ್ಡ್ ಬರೆಯುವ ಅಂಗಡಿಯಲ್ಲಿ 2 ಮಿಲಿಮೀಟರ್ ಪಾಲಿಕಾರ್ಬೊನೇಟ್ ಶೀಟ್ ಸಿಕ್ಕಿತು. ರಟ್ಟಿನಲ್ಲಿ ಮೊದಲು ಅಳತೆ ಕತ್ತರಿಸಿ, ಕೂತು ನೋಡಿ, ಆಮೇಲೆ ಶೀಟ್ ಕತ್ತರಿಸಿದೆ. ರಟ್ಟನ್ನೇ ಒಳಗೆ ಬಿಡಬೇಡಿ, ಬೆಂಕಿಗೆ ದಾರಿ. ಪರೀಕ್ಷೆಯಲ್ಲಿ 79 ಬಂತು.

ಆಗ ನನಗೆ ಇನ್ನೂ ಇಳಿಸುವ ಆಸೆ ಹತ್ತಿತು. ಮಾಡ್ಯೂಲ್‌ಗೆ ಅಂಟಿಸುವ ಅಲ್ಯೂಮಿನಿಯಂ ಹೀಟ್ ಸ್ಪ್ರೆಡರ್ ಎಂಟು ಜೊತೆ ತರಿಸಿದೆ. ನಡುವಿನ ಸಾಲಿಗೆ ಹಾಕಿದೆ. ಮಾರನೇ ದಿನದ ಅಳತೆ 83. ನಾಲ್ಕು ಡಿಗ್ರಿ ಜಾಸ್ತಿ.

ಎರಡು ದಿನ ಇದೇ ತಲೆಯಲ್ಲಿ ಕೊರೆಯಿತು. ಲೋಹ ಹಾಕಿದರೆ ತಂಪಾಗಬೇಕು, ಯಾಕೆ ಬಿಸಿ? ಉತ್ತರ ಹೇಳಿದ್ದು ಜಿನ್ನಿಂಗ್ ಫ್ಯಾಕ್ಟರಿಯ ಮೋಟರ್ ರಿಪೇರಿ ಮಾಡುವ ಕಾಕಾ. ಗ್ರಂಥಾಲಯಕ್ಕೆ ದಿನಾ ಪೇಪರ್ ಓದಲು ಬರುತ್ತಾರೆ. ಬಂದವರು ತೆರೆದಿಟ್ಟ ಯಂತ್ರ ನೋಡಿ ಕೇಳಿದರು, "ತಮ್ಮಾ, ಗಾಳಿ ಎಲ್ಲಿಂದ ಎಲ್ಲಿಗೆ ಹೊಂಟದ ಅಂತ ನೋಡೀ ಏನು?" ನೋಡಿರಲಿಲ್ಲ. ಲೆಕ್ಕ ಹಾಕಿದ್ದೆ, ನೋಡಿರಲಿಲ್ಲ.

ದೇವರ ಮುಂದಿನ ಊದುಬತ್ತಿ ಒಂದನ್ನು ಹಚ್ಚಿ, ಶ್ರೌಡ್ ಸ್ವಲ್ಪ ಎತ್ತಿ, ಫ್ಯಾನ್ ಹಿಂದೆ ಹಿಡಿದರು. ಪಾರದರ್ಶಕ ಶೀಟ್ ಆದ್ದರಿಂದ ಹೊಗೆ ಚೆನ್ನಾಗಿ ಕಂಡಿತು. ಸ್ಪ್ರೆಡರ್ ಇಲ್ಲದ ಸಾಲಿನಲ್ಲಿ ಹೊಗೆ ದಾರದ ಹಾಗೆ ನೇರ ಒಳಗೆ ನುಗ್ಗಿತು. ಸ್ಪ್ರೆಡರ್ ಇದ್ದ ಕಡೆ ಬಾಗಿಲಿಗೆ ಬಂದು, ಮೇಲೆ ಎದ್ದು, ಮಾಡ್ಯೂಲ್‌ಗಳ ತಲೆಯ ಮೇಲಿಂದ ದಾಟಿ ಹೋಯಿತು. 4 ಮಿಲಿಮೀಟರ್ ದಾರಿಯಲ್ಲಿ ಎರಡೂ ಕಡೆಯಿಂದ ಅಲ್ಯೂಮಿನಿಯಂ ಬಂದು ಉಳಿದದ್ದು ಒಂದೂವರೆ. ಅಷ್ಟು ಸಂದಿಗೆ ಗಾಳಿ ಹೋಗುವುದಿಲ್ಲ. ಸುಲಭದ ದಾರಿ ಇದ್ದರೆ ಅದನ್ನೇ ಹಿಡಿಯುತ್ತದೆ. "ಮೋಟರ್‌ಗೂ ಇದ ಮಾತು," ಅಂದರು ಕಾಕಾ. "ಗಾಳಿ ಬಿಡಬೇಕು, ಬಟ್ಟಿ ಹೊದಿಸಬಾರ್ದು."

(ಊದುಬತ್ತಿಯನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯಬೇಡಿ. ಬೂದಿ ಉದುರದ ಹಾಗೆ ಪಕ್ಕಕ್ಕೆ ಇರಲಿ.)

ಹೀಟ್ ಸ್ಪ್ರೆಡರ್ ಯಾವಾಗಲೂ ಬೇಡ ಅಂತಲ್ಲ. 2006ರ ಸುಮಾರಿಗೆ ಸರ್ವರ್‌ಗಳಲ್ಲಿ ಎಫ್‌ಬಿ-ಡಿಮ್ ಅಂತ ಒಂದು ಬಗೆಯ ಮಾಡ್ಯೂಲ್ ಬರುತ್ತಿತ್ತು. ಅದರ ಮಧ್ಯದಲ್ಲಿ ಎಎಂಬಿ ಎಂಬ ಒಂದು ಚಿಪ್ ಕೆಂಡದ ಹಾಗೆ ಕಾಯುತ್ತಿತ್ತು. ಅದರ ಬಿಸಿಯನ್ನು ಹರಡಲು ಲೋಹದ ತಗಡು ಬೇಕೇಬೇಕಿತ್ತು. ನಮ್ಮ ಯಂತ್ರದ ಆರ್‌ಡಿಮ್ (ರಿಜಿಸ್ಟರ್ ಚಿಪ್ ಇರುವ ಸರ್ವರ್ ಮಾಡ್ಯೂಲ್) ಬಗೆಯಲ್ಲಿ ಹಾಗೆ ಒಂದೇ ಕಡೆ ಕಾಯುವ ಚಿಪ್ ಇಲ್ಲ. ಬಿಸಿ 18 ಚಿಪ್‌ಗಳಲ್ಲಿ ಆಗಲೇ ಹರಡಿದೆ. ಹರಡಿದ್ದನ್ನು ಮತ್ತೆ ಹರಡುವುದರಿಂದ ಲಾಭ ಕಡಿಮೆ, ದಾರಿ ಕಟ್ಟುವ ನಷ್ಟ ಜಾಸ್ತಿ. ಸ್ಪ್ರೆಡರ್ ಎಲ್ಲಾ ತೆಗೆದೆ.

ಅದೇ ವಾರ ಸರ್ವರ್‌ನ ಜಾಗವನ್ನೂ ಬದಲಿಸಿದೆವು. ಮೇಲಿನ ಮಹಡಿ, ಆರ್‌ಸಿಸಿ ಚಾವಣಿ ನೇರ ಬಿಸಿಲಿಗೆ. ಇದು ಎಷ್ಟು ಒಳ್ಳೆಯ ರ‍್ಯಾಮ್ ಹಾಕಿದರೂ ಸರಿಹೋಗುವ ಮಾತಲ್ಲ. ಅಮೆರಿಕದ ಆಶ್ರೆ (ಕೂಲಿಂಗ್ ಎಂಜಿನಿಯರ್‌ಗಳ) ಸಂಸ್ಥೆ ಸರ್ವರ್‌ಗಳಿಗೆ ಶಿಫಾರಸು ಮಾಡುವ ಒಳಗಾಳಿ 18ರಿಂದ 27 ಡಿಗ್ರಿ. ಎ2 ವರ್ಗದ ಯಂತ್ರಕ್ಕೆ ಹೆಚ್ಚೆಂದರೆ 35. ನಮ್ಮದು 40ರ ಗಾಳಿ ಕುಡಿಯುತ್ತಿತ್ತು. ದಿನವಿಡೀ ಎಸಿ ಹಾಕುವಷ್ಟು ದುಡ್ಡು ಗ್ರಂಥಾಲಯದ ಹತ್ತಿರ ಇಲ್ಲ. ಕೆಳಗೆ ಉತ್ತರಕ್ಕೆ ಮುಖ ಇರುವ, ಹಳೆಯ ಕಲ್ಲುಗೋಡೆಯ ಸ್ಟೋರ್ ರೂಮ್ ಇತ್ತು. ಪುಸ್ತಕದ ಗಂಟುಗಳನ್ನು ಸರಿಸಿ ಅಲ್ಲಿಗೆ ಇಳಿಸಿದೆವು. ಒಳಗಾಳಿ 34ಕ್ಕೆ ಬಂತು, ಅತಿ ಬಿಸಿಯ ಮಾಡ್ಯೂಲ್ 75ಕ್ಕೆ. ಒಂದು ರೂಪಾಯಿ ಖರ್ಚಿಲ್ಲದೆ ಸಿಕ್ಕ ನಾಲ್ಕು ಡಿಗ್ರಿ ಇದು.

ಜಿಬಿ ಬಿಟ್ಟು ಚಿಪ್ ಎಣಿಸಿದ್ದು

75 ಅಂದರೆ ನಿಲ್ಲಿಸಬಹುದಿತ್ತು. ಆದರೆ ಅದು ಏಪ್ರಿಲ್. ಮೇ ಇನ್ನೂ ಬಾಕಿ. ಫ್ಯಾನ್ ಇನ್ನೂ 85 ಶೇಕಡಾದಲ್ಲೇ ಕೂಗುತ್ತಿತ್ತು. ಮೇಲಾಗಿ ಎರಡು ಮಾಡ್ಯೂಲ್ ತೆಗೆದದ್ದರಿಂದ ಚಾನೆಲ್‌ಗಳು ಅಸಮವಾಗಿದ್ದವು. ರ‍್ಯಾಮ್ ಬದಲಿಸುವುದೇ ಸರಿ ಅನ್ನಿಸಿತು.

ಇಲ್ಲಿಂದ ಮುಂದಿನದ್ದು ಈ ಬರಹದ ಮುಖ್ಯ ಭಾಗ. ರ‍್ಯಾಮ್ ಕೊಳ್ಳುವಾಗ ನಾವು ಎರಡೇ ಕೇಳುತ್ತೇವೆ: ಎಷ್ಟು ಜಿಬಿ, ಎಷ್ಟು ಸ್ಪೀಡ್. ಬಿಸಿ ಗೊತ್ತಾಗಬೇಕಾದರೆ ಕೇಳಬೇಕಾದದ್ದು ಬೇರೆ: ಮಾಡ್ಯೂಲ್ ಮೇಲೆ ಎಷ್ಟು ಚಿಪ್ ಇವೆ, ಒಂದು ಸಲ ಓದುವಾಗ ಅವುಗಳಲ್ಲಿ ಎಷ್ಟು ಎದ್ದೇಳುತ್ತವೆ?

ಇದು ಲೇಬಲ್ ಮೇಲೇ ಇರುತ್ತದೆ. ನಮ್ಮ ಹಳೆಯದರ ಮೇಲೆ '16ಜಿಬಿ 1ಆರ್ ಎಕ್ಸ್4' ಅಂತ ಇತ್ತು. ರ‍್ಯಾಂಕ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು, 1ಆರ್ ಅಂದರೆ ಅಂಥ ಒಂದು ರ‍್ಯಾಂಕ್. ಎಕ್ಸ್4 ಅಂದರೆ ಒಂದೊಂದು ಚಿಪ್ ಒಮ್ಮೆಗೆ 4 ಬಿಟ್ ಕೊಡುತ್ತದೆ. ಸರ್ವರ್ ಮೆಮೊರಿಯ ಅಗಲ ಇಸಿಸಿ ಸೇರಿ 72 ಬಿಟ್. 72ನ್ನು 4ರಿಂದ ಭಾಗಿಸಿ, 18 ಚಿಪ್. ಎಕ್ಸ್8 ಆದರೆ ಒಂದು ರ‍್ಯಾಂಕ್‌ಗೆ 9 ಚಿಪ್ ಸಾಕು. ರ‍್ಯಾಂಕ್ ಎಷ್ಟೋ ಅಷ್ಟರಿಂದ ಗುಣಿಸಿದರೆ ಒಟ್ಟು ಚಿಪ್. ಮುಂದೆ ಪಿಸಿ4-2400 ಅಂತ ಬಂದು, ಗೆರೆ ಆದ ಮೇಲೆ ಒಂದು ಅಕ್ಷರ ಇರುತ್ತದೆ. ಆರ್ ಇದ್ದರೆ ಆರ್‌ಡಿಮ್, ಎಲ್ ಇದ್ದರೆ ಎಲ್‌ಆರ್‌ಡಿಮ್ (ಡೇಟಾಗೂ ಬಫರ್ ಚಿಪ್ ಇರುವುದು), ಇ ಇದ್ದರೆ ಇಸಿಸಿ ಇರುವ ಮಾಮೂಲಿ ಯುಡಿಮ್ (ರಿಜಿಸ್ಟರ್ ಇಲ್ಲದ್ದು). ಇವನ್ನು ಒಂದರ ಜೊತೆ ಒಂದು ಬೆರೆಸಲು ಬರುವುದಿಲ್ಲ.

ನಮ್ಮ 24 ಮಾಡ್ಯೂಲ್ × 18, ಒಟ್ಟು 432 ಚಿಪ್. ಪ್ರತಿಯೊಂದು ಮಾಡ್ಯೂಲ್‌ನಲ್ಲಿ ಆಜ್ಞೆಗಳನ್ನು ಹಂಚುವ ಒಂದು ರಿಜಿಸ್ಟರ್ ಚಿಪ್ ಬೇರೆ, ಅವು 24. ಎಲ್ಲಾ ಸೇರಿ ಒಂದು ಅಂಗೈಯಗಲದ ಜಾಗದಲ್ಲಿ 74 ವ್ಯಾಟ್. ಅದು ಹೆಚ್ಚುಕಡಿಮೆ ನಮ್ಮ ಒಂದು ಸಿಪಿಯುವಿನಷ್ಟು. ಸಿಪಿಯುಗೆ ತಾಮ್ರದ ದೊಡ್ಡ ಹೀಟ್‌ಸಿಂಕ್ ಕೂರಿಸುತ್ತೇವೆ. ರ‍್ಯಾಮ್‌ಗೆ ಬರೀ ಗಾಳಿ.

384 ಜಿಬಿ ಮಾಡಲು ನನ್ನ ಮುಂದೆ ಇದ್ದ ದಾರಿಗಳನ್ನು ಒಂದು ಹಾಳೆಯಲ್ಲಿ ಬರೆದೆ.

64 ಜಿಬಿಯ ಆರು ಎಲ್‌ಆರ್‌ಡಿಮ್ ಅಗ್ಗಕ್ಕೆ ಸಿಗುತ್ತಿದ್ದವು. ಆದರೆ ಅವು ನಾಲ್ಕು ರ‍್ಯಾಂಕ್‌ನವು, ಮೇಲೆ ಒಂಬತ್ತು ಡೇಟಾ ಬಫರ್ ಚಿಪ್ ಬೇರೆ. ಒಂದೊಂದೂ ಚೆನ್ನಾಗಿ ಕಾಯುತ್ತದೆ. ಟೆರಾಬೈಟ್‌ಗಟ್ಟಲೆ ಬೇಕಾದವರಿಗೆ ಅದು ಸರಿ. 384ಕ್ಕೆ ಅದರ ಅಗತ್ಯವೇ ಇಲ್ಲ. ಅಲ್ಲದೆ ಆರೇ ಮಾಡ್ಯೂಲ್ ಹಾಕಿದರೆ ಒಂದು ಸಿಪಿಯುವಿನ ಆರು ಚಾನೆಲ್‌ಗಳಲ್ಲಿ ಮೂರು ಖಾಲಿ, ವೇಗ ಅರ್ಧ. ಬಿಟ್ಟೆ. 64 ಜಿಬಿಯ ಆರು ಆರ್‌ಡಿಮ್‌ಗೂ ಇದೇ ಖಾಲಿ ಚಾನೆಲ್‌ನ ತೊಂದರೆ.

ಹಾಗಾಗಿ 32 ಜಿಬಿಯ 12 ಬೇಕು, ಚಾನೆಲ್‌ಗೆ ಒಂದರಂತೆ. 32 ಜಿಬಿಯಲ್ಲೇ ಮೂರು ಬಗೆ. 2ಆರ್ ಎಕ್ಸ್4, 8 ಗಿಗಾಬಿಟ್‌ನ 36 ಚಿಪ್. 1ಆರ್ ಎಕ್ಸ್4, 16 ಗಿಗಾಬಿಟ್‌ನ 18 ಚಿಪ್. 2ಆರ್ ಎಕ್ಸ್8, ಅದೂ 16 ಗಿಗಾಬಿಟ್‌ನ 18 ಚಿಪ್. ಮೊದಲನೆಯದು 12 ಹಾಕಿದರೆ ಚಿಪ್ ಸಂಖ್ಯೆ ಮತ್ತೆ 432. ಮಾಡ್ಯೂಲ್ ಕಡಿಮೆಯಾದವು, ಚಿಪ್ ಅಷ್ಟೇ ಉಳಿದವು. ಜಿಬಿ ಮತ್ತು ಸ್ಪೀಡ್ ಮಾತ್ರ ನೋಡಿ ಕೊಂಡಿದ್ದರೆ ಇದೇ ಕೈಗೆ ಬರುತ್ತಿತ್ತು, ಯಾಕೆಂದರೆ ಹಳೆಯ ಮಾರುಕಟ್ಟೆಯಲ್ಲಿ ಇದೇ ಹೇರಳ.

ಉಳಿದ ಎರಡರಲ್ಲೂ 216 ಚಿಪ್. ವ್ಯತ್ಯಾಸ ಇಷ್ಟು: 1ಆರ್ ಎಕ್ಸ್4ನಲ್ಲಿ ಪ್ರತಿ ಓದಿಗೂ 18 ಚಿಪ್ ಎದ್ದೇಳಬೇಕು. 2ಆರ್ ಎಕ್ಸ್8ನಲ್ಲಿ ಒಂದು ರ‍್ಯಾಂಕ್‌ನ 9 ಎದ್ದರೆ ಸಾಕು, ಇನ್ನೊಂದು ರ‍್ಯಾಂಕ್ ವಿರಾಮದಲ್ಲಿರುತ್ತದೆ. ಎರಡು ರ‍್ಯಾಂಕ್ ಇದ್ದರೆ ಕಂಟ್ರೋಲರ್‌ಗೆ ಒಂದಾದ ಮೇಲೊಂದು ಕೆಲಸ ಹಂಚಲೂ ಅನುಕೂಲ.

ಎಕ್ಸ್4 ಪರವಾಗಿಯೂ ಒಂದು ದೊಡ್ಡ ಮಾತಿದೆ, ಅದನ್ನು ಮುಚ್ಚಿಡಬಾರದು. ಎಕ್ಸ್4 ಆದರೆ ಒಂದು ಚಿಪ್ ಪೂರ್ತಿ ಸತ್ತರೂ ಈ ಸಿಪಿಯು ಡೇಟಾ ಉಳಿಸಿಕೊಳ್ಳಬಲ್ಲದು. ಎಕ್ಸ್8ನಲ್ಲಿ ಆ ರಕ್ಷಣೆ ಸಿಗುವುದಿಲ್ಲ, ಒಂದೊಂದು ಬಿಟ್‌ನ ತಿದ್ದುಪಡಿ ಮಾತ್ರ. ಹಣಕಾಸಿನ ಡೇಟಾಬೇಸ್ ಇದ್ದಿದ್ದರೆ ಕಣ್ಣು ಮುಚ್ಚಿ ಎಕ್ಸ್4 ತರುತ್ತಿದ್ದೆ, ಎರಡು ಡಿಗ್ರಿ ಬಿಸಿ ಸಹಿಸಿಕೊಂಡು. ನಮ್ಮ ಮೂಲ ಸ್ಕ್ಯಾನ್‌ಗಳು ಚೆಕ್‌ಸಮ್ (ಫೈಲ್ ಕೆಟ್ಟಿದೆಯೇ ಅಂತ ಪತ್ತೆ ಮಾಡುವ ಸಂಖ್ಯೆ) ಸಮೇತ ಬೇರೆ ಡಿಸ್ಕ್‌ನಲ್ಲಿವೆ. ಕೆಲಸ ಕೆಟ್ಟರೆ ಆ ಸಂಚಿಕೆಯನ್ನು ಮತ್ತೆ ಓಡಿಸಿದರಾಯಿತು. 2ಆರ್ ಎಕ್ಸ್8 ಆರಿಸಿದೆ.

16 ಗಿಗಾಬಿಟ್ ಚಿಪ್‌ಗೂ ಒಂದು ಬೆಲೆ ಇದೆ. ಅದರ ರಿಫ್ರೆಶ್‌ಗೆ 350 ಅಲ್ಲ, 550 ನ್ಯಾನೋಸೆಕೆಂಡ್ ಬೇಕು. 85ರ ಕೆಳಗೆ ಶೇಕಡಾ 7ರಷ್ಟು ಸಮಯ ಅದಕ್ಕೇ ಹೋಗುತ್ತದೆ, ಮೇಲೆ ಹೋದರೆ 14. ಅಂದರೆ ಇಂಥ ಮಾಡ್ಯೂಲ್‌ಗಳನ್ನು 85ರ ಹತ್ತಿರ ಬಿಡುವುದು ಇನ್ನೂ ದುಬಾರಿ. ತಂಪಾಗಿ ಇಡಬಲ್ಲೆ ಅನ್ನುವ ಧೈರ್ಯ ಇದ್ದರೆ ಮಾತ್ರ ಇವು.

ಎಸ್‌ಪಿ ರೋಡ್‌ನಲ್ಲಿ ಒಂದು ಬೆಳಿಗ್ಗೆ

ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋದೆ. ಸರ್ವರ್‌ನ ಹಳೆಯ ಸಾಮಾನು ಎಸ್‌ಪಿ ರೋಡ್‌ನ ಒಳ ಓಣಿಗಳಲ್ಲಿ ಸಿಗುತ್ತದೆ. ಬಿಲ್ಡಿಂಗ್‌ನ ಮೊದಲ ಮಹಡಿಯ ಒಂದು ಪುಟ್ಟ ಅಂಗಡಿ. ಅಂಗಡಿಯವರು ಟ್ರೇ ತುಂಬ ಮಾಡ್ಯೂಲ್ ತಂದಿಟ್ಟು, "32 ಜಿಬಿ ಅಲ್ವಾ ಸರ್, ಎಲ್ಲಾ ಒಂದೇ," ಅಂದರು. ಭೂತಗನ್ನಡಿ ಜೇಬಲ್ಲಿತ್ತು. ಒಂದೊಂದೇ ಎತ್ತಿ ಲೇಬಲ್ ನೋಡಿದೆ. ಒಂದೇ ಟ್ರೇಯಲ್ಲಿ ಮೂರೂ ಬಗೆ ಬೆರೆತಿದ್ದವು. ಲೇಬಲ್ ಅಳಿಸಿದ್ದರೂ ತಿಳಿಯುವ ದಾರಿ ಇದೆ. ಚಿಪ್ ಎಣಿಸಿ. 36 ಇದ್ದವು ಎರಡೂ ಬದಿ ಕಿಕ್ಕಿರಿದಿರುತ್ತವೆ. 18 ಇದ್ದವು ಹಗುರ, ಚಿಪ್ ನಡುವೆ ಹಸಿರು ಬೋರ್ಡ್ ಕಾಣಿಸುತ್ತದೆ. ಆ 18ರಲ್ಲಿ ಎಕ್ಸ್4 ಯಾವುದು, ಎಕ್ಸ್8 ಯಾವುದು ಅಂತ ಚಿಪ್ ಮೇಲಿನ ನಂಬರ್ ನೋಡಿಯೇ ತಿಳಿಯಬೇಕು.

ನಾನು ಹೀಗೆ ಆರಿಸುವುದನ್ನು ಅವರು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತಾವೂ ಸ್ಟೂಲ್ ಎಳೆದುಕೊಂಡು ಕೂತು ಬೇರ್ಪಡಿಸಿಕೊಟ್ಟರು. 2ಆರ್ ಎಕ್ಸ್8 ಹನ್ನೆರಡು ಆದವು. ಒಂದು ಜಾಸ್ತಿಯೇ ತೆಗೆದುಕೊಂಡೆ, ಸ್ಪೇರ್‌ಗೆ. ಎಲ್ಲದರ ಮೇಲೂ ಪಿಸಿ4-3200. ನಮ್ಮ 4210 ಓಡಿಸುವುದು 2400ಕ್ಕೇ. ಜಾಸ್ತಿ ವೇಗದ ಮಾಡ್ಯೂಲ್ ಕಡಿಮೆ ವೇಗದಲ್ಲಿ ಓಡುತ್ತದೆ, ತೊಂದರೆಯಿಲ್ಲ, ಬಿಸಿಯೂ ಕಡಿಮೆ. ಜೊತೆಗೆ ಖಾಲಿ ಸ್ಲಾಟ್‌ಗೆ ಹಾಕುವ ಪ್ಲಾಸ್ಟಿಕ್ ಡಮ್ಮಿ 12 ತಂದೆ.

ಒಂದು ಎಚ್ಚರಿಕೆ. 16 ಗಿಗಾಬಿಟ್ ಚಿಪ್ ಎಲ್ಲ ಸಿಪಿಯುಗೂ ಒಗ್ಗುವುದಿಲ್ಲ. ಕ್ಸಿಯಾನ್ ಸ್ಕೇಲೆಬಲ್‌ನಲ್ಲಿ 2019ರ ಎರಡನೇ ಪೀಳಿಗೆ ಇದಕ್ಕೆ ಬೆಂಬಲ ತಂದಿತು. ಅದಕ್ಕೂ ಹಳೆಯ ಸರ್ವರ್ ಇದ್ದವರು ಕೊಳ್ಳುವ ಮೊದಲು ಮದರ್‌ಬೋರ್ಡ್‌ನ ಪಟ್ಟಿ ನೋಡಲೇಬೇಕು. ನಾವೂ ಮೊದಲು ಬಯಾಸ್ (ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್ ಮಾಡಿಕೊಂಡೇ ಹೋಗಿದ್ದೆವು.

ಜೋಡಿಸಿ, ಅಳೆದು

ಚಾನೆಲ್‌ಗೆ ಒಂದು ಹಾಕುವಾಗ ಯಾವ ಸ್ಲಾಟ್ ಅನ್ನುವುದು ಮುಖ್ಯ. ನಮ್ಮ ಬೋರ್ಡ್‌ನಲ್ಲಿ ಬಿಳಿ ಕ್ಲಿಪ್ ಇರುವವು ಮೊದಲ ಸ್ಲಾಟ್. ಅವು ಒಂದು ಬಿಟ್ಟು ಒಂದು ಇವೆ. ಹಾಗಾಗಿ ಮಾಡ್ಯೂಲ್ ನಡುವಿನ ಜಾಗ ತಾನಾಗಿಯೇ ಎರಡು ಪಟ್ಟಿಗಿಂತ ಹೆಚ್ಚಾಯಿತು. ಎರಡೂ ತುದಿಯ ಕ್ಲಿಪ್ ಟಕ್ ಅಂತ ಕೂರುವವರೆಗೆ ಒತ್ತಬೇಕು. ಒಂದು ಮಾಡ್ಯೂಲ್ ಅರ್ಧ ಕೂತು ಮೊದಲ ಬೂಟ್‌ನಲ್ಲಿ 352 ಜಿಬಿ ತೋರಿಸಿತು. ತೆಗೆದು ಮತ್ತೆ ಕೂರಿಸಿದೆ, 384.

ಆ ರಾತ್ರಿ ಪೂರ್ತಿ ಮೆಮ್‌ಟೆಸ್ಟ್. ಬೆಳಿಗ್ಗೆಗೆ ಒಂದೂ ಎರರ್ ಇಲ್ಲ.

ಡಮ್ಮಿ ಹಾಕಿಯೂ ಹಾಕದೆಯೂ ಅಳೆದೆ. ಡಮ್ಮಿಯಿಂದ ರ‍್ಯಾಮ್ ಬಿಸಿ ಬಹುತೇಕ ಅಷ್ಟೇ ಇತ್ತು, ಸಿಪಿಯು ಮಾತ್ರ ಮೂರು ಡಿಗ್ರಿ ಇಳಿಯಿತು. ಖಾಲಿ ಸ್ಲಾಟ್ ಮೂಲಕ ಸುಮ್ನೆ ಹರಿದು ಹೋಗುತ್ತಿದ್ದ ಗಾಳಿ ಈಗ ಹೀಟ್‌ಸಿಂಕ್ ಕಡೆ ತಿರುಗಿತು ಅಂತ ಊದುಬತ್ತಿ ಹೊಗೆಯಲ್ಲೂ ಕಂಡಿತು. ಹಾಕಿಯೇ ಬಿಟ್ಟೆ.

ಮೇ ಮೊದಲ ವಾರದ ಅಳತೆ, ಹೊರಗೆ 42 ಇದ್ದ ದಿನ: ಒಳಗಾಳಿ 35, ಅತಿ ಬಿಸಿಯ ಮಾಡ್ಯೂಲ್ 64, ಮೆಮೊರಿ 43 ವ್ಯಾಟ್. ಫ್ಯಾನ್ ವೇಗವನ್ನು ಬಿಎಂಸಿಯಲ್ಲಿ (ಸರ್ವರ್‌ನ ಉಸ್ತುವಾರಿ ಚಿಪ್) ಮೆಲ್ಲಗೆ ಇಳಿಸುತ್ತಾ ಹೋದೆ. 57 ಶೇಕಡಾದಲ್ಲಿ ಮಾಡ್ಯೂಲ್ ಬಿಸಿ 68ಕ್ಕೆ ಬಂದು ನಿಂತಿತು. ಅಲ್ಲಿಗೇ ಬಿಟ್ಟೆ. ಫ್ಯಾನ್ ತಿನ್ನುವ ಕರೆಂಟ್ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. 95ರಿಂದ 57ಕ್ಕೆ ಇಳಿದರೆ ಫ್ಯಾನ್‌ಗಳ ಖರ್ಚು ನಾಲ್ಕೂವರೆ ಪಟ್ಟು ಕಡಿಮೆ. ರ‍್ಯಾಮ್‌ನಲ್ಲಿ ಉಳಿದ 31 ವ್ಯಾಟ್‌ನ ಮೇಲೆ ಇದೂ ಸೇರಿತು. ಯುಪಿಎಸ್ ಬ್ಯಾಟರಿ ಈಗ ಕರೆಂಟ್ ಹೋದಾಗ ಮೊದಲಿಗಿಂತ ಹೆಚ್ಚು ಹೊತ್ತು ತಡೆಯುತ್ತಿದೆ. ಓದುವ ಕೋಣೆಗೆ ಸರ್ವರ್ ಸದ್ದು ಕೇಳುವುದಿಲ್ಲ. ಪೇಪರ್ ಓದುವ ಹಿರಿಯರು ಮೊದಲು ಗಮನಿಸಿದ್ದು ಅದನ್ನೇ.

ಹಳೆಯ 22 ಮಾಡ್ಯೂಲ್ ಪರೀಕ್ಷೆ ಮಾಡಿ ಮಾರಿದೆ. ಎರರ್ ಬರುತ್ತಿದ್ದದ್ದನ್ನು ಮಾರಲಿಲ್ಲ. ಅದರ ಮೇಲೆ ಕೆಂಪು ಮಾರ್ಕರ್‌ನಲ್ಲಿ ಗೀಟು ಹಾಕಿ, ಜೋಡಿಯನ್ನೂ ಸೇರಿಸಿ ಡ್ರಾಯರ್‌ನಲ್ಲಿಟ್ಟಿದ್ದೇನೆ. ಹೊಸಬರಿಗೆ ಲೇಬಲ್ ಓದಲು, ಚಿಪ್ ಎಣಿಸಲು ಕಲಿಸುವಾಗ ಬೇಕಾಗುತ್ತದೆ. ಮುಂದಿನ ಸರ್ವರ್ ಡಿಡಿಆರ್5 ಆಗಬಹುದು. ಅದರ ವೋಲ್ಟೇಜ್ 1.2ರಿಂದ 1.1ಕ್ಕೆ ಇಳಿದಿದೆ, ಆದರೆ ಪವರ್ ಇಳಿಸುವ ಚಿಪ್ ಬೋರ್ಡ್‌ನಿಂದ ಮಾಡ್ಯೂಲ್ ಮೇಲೆಯೇ ಬಂದು ಕೂತಿದೆ. ಅಲ್ಲಿ ಚಿಪ್ ಎಣಿಸುವಾಗ ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕಿಟಕಿಗೆ ಈಗ ಎರಡು ಪದರದ ಜಾಲರಿ. ಸರ್ವರ್ ಮುಂದೆ ತೆಗೆದು ತೊಳೆಯುವ ಫೋಮ್ ಫಿಲ್ಟರ್. ಹತ್ತಿ ಸೀಜನ್ ಶುರುವಾದ ಮೇಲೆ ಪ್ರತಿ ಶನಿವಾರ ತೊಳೆಯಬೇಕು ಅಂತ ಗೋಡೆಯ ಕ್ಯಾಲೆಂಡರ್‌ನಲ್ಲಿ ನವೆಂಬರ್‌ನಿಂದ ಗುರುತು ಹಾಕಿಟ್ಟಿದ್ದೇವೆ.